ಇಬ್ಬರಿಗೂ ಎಚ್‌ಐವಿ ಇಲ್ಲವಂತೆ

ಮಾರ್ಚ್ 3

ಪ್ರೀತಿಯ ಮೊಂಡಿಗೆ,

ನೀನೇ ಗೆದ್ದೆ. ಬೀಗದವರಿಗೆ ಹೂಂ ಅಂದುಬಿಟ್ಟೆ.

ನಿನ್ನಣ್ಣ ತೀರಿಕೊಂಡು ಆರು ವರ್ಷವಾಯಿತು. ನನ್ನ ಒಡಹುಟ್ಟಿದವರೇ ಬಾಯಿ ಬಿಟ್ಟು ಆಡದ ಮಾತನ್ನು ಗಂಡನ ತಂಗಿಯಾದ ನೀನು ಕಾಗದದ ಮೇಲೆ ಕಾಗದ ಬರೆದು ಆಡಿದೆ: ಅತ್ತಿಗೆ, ಒಂಟಿಯಾಗಿ ಕೊಳೆಯಬೇಡಿ. ಬೇರೆಯವರ ನಾದಿನಿಯರು ಅತ್ತಿಗೆಯ ತಪ್ಪು ಹುಡುಕಿದರೆ ನನ್ನ ನಾದಿನಿ ಅತ್ತಿಗೆಗೆ ಗಂಡು ಹುಡುಕು ಅನ್ನುತ್ತಾಳೆ ಎಂದು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಹೇಳಿದರೆ ಅಂಗಡಿಯ ಮಾಲೀಕರು ನಂಬುವುದೇ ಇಲ್ಲ.

ಆದದ್ದು ಹೀಗೆ. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಕನ್ನಡಕದ ಗಾಜಿಗೆ ಸಾಣೆ ಹಿಡಿಯುತ್ತಿದ್ದೆ. ಕೈಯೆಲ್ಲ ಬಿಳಿ ಕೆಸರು. ಬೀಗದವರು ಬಂದು ಬಾಗಿಲಲ್ಲಿ ನಿಂತರು. ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಬೀಗ ರಿಪೇರಿ ಮಾಡುವವರು, ಷಟರು ಕಚ್ಚಿಕೊಂಡಾಗ ಬಿಡಿಸಿಕೊಟ್ಟವರು ಎಂದು ಹಿಂದೆ ಬರೆದಿದ್ದೆನಲ್ಲ, ಅವರೇ. ಹೆಂಡತಿ ಬಿಟ್ಟುಹೋಗಿ, ಕೋರ್ಟಿನಲ್ಲಿ ವಿಚ್ಛೇದನವಾಗಿ, ಬಹಳ ವರ್ಷ ಒಬ್ಬರೇ ಇದ್ದವರು. ಏನೋ ಹೇಳಿದರು. ಸಾಣೆಯ ಸದ್ದಿಗೆ ನನಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದರು. ಆಗಲೂ ಕೇಳಲಿಲ್ಲ. ‘ಒಂದ್ನಿಮಿಷ’ ಎಂದು ನಾನು ಯಂತ್ರ ನಿಲ್ಲಿಸುವುದಕ್ಕೂ ಅವರು ‘ಮದ್ವೆ ಆಗ್ತೀರಾ ಅಂದೆ!’ ಎಂದು ಕಿರುಚುವುದಕ್ಕೂ ಸರಿಹೋಯಿತು. ಮುಂದಿನ ಕೋಣೆಯಲ್ಲಿ ಕಣ್ಣು ತೋರಿಸಲು ಕೂತಿದ್ದ ಅಜ್ಜಿಯೊಬ್ಬರು ‘ಆಗಮ್ಮ, ಆಗು’ ಅಂದರು. ಅಜ್ಜಿಯ ಮಾತು ತೆಗೆದುಹಾಕುವುದು ಹೇಗೆ?

ಒಂದೇ ಒಂದು ಮಾತು ಮಾತ್ರ ನನ್ನನ್ನು ಚುಚ್ಚಿತು. ರಿಜಿಸ್ಟರ್ ಆಫೀಸಿಗೆ ಹೋಗುವ ಮುಂಚೆ ಇಬ್ಬರೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳೋಣ ಅಂದರು. ‘ನಾವಿಬ್ರೂ ಒಂದೊಂದು ಸಂಸಾರ ಮಾಡಿ ಬಂದೋರು. ಹಳೇ ಬೀಗಕ್ಕೆ ಕೀಲಿ ಹಾಕೋ ಮುಂಚೆ ಒಳಗೆ ತುಕ್ಕಿದೆಯಾ ಅಂತ ನೋಡೋದು ನನ್ನ ಅಭ್ಯಾಸ’ ಅಂದರು. ಅಂದಮೇಲೆ ತಾವೇನು ಅಂದೆವೆಂದು ಹೊಳೆದು ಅವರ ಕಿವಿಯೆಲ್ಲ ಕೆಂಪಾಯಿತು. ಮೊದಲು ಸಿಟ್ಟು ಬಂತು, ಆಮೇಲೆ ನಗು. ಸರಿ ಅಂದಿದ್ದೇನೆ. ಗುರುವಾರ ಹೋಗುತ್ತೇವೆ.

ನಿನ್ನಣ್ಣನ ಫೋಟೋ ಗೋಡೆಯ ಮೇಲೆ ಹಾಗೇ ಇದೆ. ಅದರ ಮುಂದೆ ನಿಂತು ಹೇಳಿದ್ದೇನೆ. ಏನೂ ಅನ್ನಲಿಲ್ಲ, ಯಾವಾಗಲೂ ಹಾಗೇ.

ನಿನ್ನ
ಅತ್ತಿಗೆ


ಮಾರ್ಚ್ 10

ಅತ್ತಿಗೆ,

ಕಾಗದ ಓದಿ ಅಡುಗೆಮನೆಯಲ್ಲೇ ಕುಣಿದೆ. ನನ್ನವರು ಕೆಳಗಿನ ಅಂಗಡಿಯಿಂದ ಓಡಿಬಂದರು, ಮೇಲೆ ಏನೋ ಬಿತ್ತೆಂದು. ಬೀಗದವರು ನಮಗೆ ಬೀಗರಾಗುತ್ತಿದ್ದಾರೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಪುಸ್ತಕ ಪೆನ್ನು ಮಾರುವವರಿಗೆ ಮಾತಿನ ಆಟ ಹತ್ತುವುದಿಲ್ಲ.

ಪರೀಕ್ಷೆಗೆ ಬೇಜಾರು ಮಾಡಿಕೊಳ್ಳಬೇಡಿ. ಅಣ್ಣ ವರ್ಷಕ್ಕೆರಡು ಸಲ ರಕ್ತದಾನ ಮಾಡುತ್ತಿದ್ದವನು. ಅವನ ಹೆಂಡತಿಯ ರಕ್ತದಲ್ಲಿ ಏನು ಸಿಕ್ಕೀತು? ಚೀಟಿ ತಂದು ಬೀಗದವರ ಮುಖಕ್ಕೆ ಹಿಡಿಯಿರಿ.

ಊರೂರು ತಿರುಗಿ ಲಿಫ್ಟ್ ಕೂರಿಸುತ್ತಿದ್ದರೂ ಮನೆಗೆ ಬಂದರೆ ಅಣ್ಣ ನಿಮ್ಮ ಸುತ್ತಲೇ ಇರುತ್ತಿದ್ದ. ಅಂಥವನು ಇನ್ನೊಬ್ಬರಿಗೆ ಎಲ್ಲಿ ಸಿಗಬೇಕು, ನಿಮಗೆ ಎರಡನೆಯ ಸಲ ಸಿಗುತ್ತಿದ್ದಾನೆ ಎಂದುಕೊಳ್ಳುತ್ತೇನೆ.

ಮೆಸೇಜು ಹಾಕಬೇಡಿ, ಕಾಗದವನ್ನೇ ಬರೆಯಿರಿ. ನಾನು ದುಡಿದ ಮಿಲ್ಲಿನ ಮಗ್ಗಗಳು ನನ್ನ ಕಿವಿ ತಿಂದಮೇಲೆ ಫೋನಿನಲ್ಲಿ ಮಾತಂತೂ ಆಗದು. ಮೆಸೇಜನ್ನು ಮೊದಲು ಮಗಳು ಓದುತ್ತಾಳೆ, ಆಮೇಲೆ ಅವಳಪ್ಪ, ಉಳಿದರೆ ನಾನು.

ನಿಮ್ಮ
ಮೊಂಡಿ


ಮಾರ್ಚ್ 29

ಮೊಂಡಿ,

ಇದನ್ನು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಓದು. ಓದಿ ಹರಿದುಹಾಕು.

ಇಬ್ಬರಿಗೂ ಎಚ್‌ಐವಿ ಇಲ್ಲವಂತೆ. ಮೊದಲು ಅದನ್ನು ಬರೆಯುತ್ತೇನೆ, ಯಾಕೆಂದರೆ ಅಲ್ಲಿಯೂ ಮೊದಲು ಹೇಳಿದ್ದು ಅದನ್ನೇ.

ಆ ಕ್ಲಿನಿಕ್ಕು ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿದೆ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಕಾರಿಡಾರಿನ ಬೆಂಚಿನಲ್ಲಿ ಕೂತವರು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ತಮ್ಮ ಚಪ್ಪಲಿಯನ್ನೇ ಹೊಸದಾಗಿ ಕೊಂಡವರಂತೆ ನೋಡುತ್ತಾರೆ. ಮೊದಲ ಸಲ ಹೋದಾಗ ಡಾಕ್ಟರಮ್ಮ ನಮ್ಮನ್ನು ಬೇರೆಬೇರೆ ಕರೆದು ಮಾತಾಡಿಸಿದ್ದರು. ಕೆಳಗೆ ಯಾವಾಗಲಾದರೂ ಹುಣ್ಣು, ಗುಳ್ಳೆ ಆಗಿದೆಯೇ ಎಂದು ಕೇಳಿದರು. ನಾನು ಮುಚ್ಚುಮರೆ ಇಲ್ಲದೆ ಹೇಳಿದೆ, ‘ವರ್ಷಕ್ಕೊಂದೆರಡು ಸಲ ಉಷ್ಣಕ್ಕೆ ಉರಿಗುಳ್ಳೆ ಏಳುತ್ತೆ, ತಾನಾಗೇ ಹೋಗುತ್ತೆ. ಈಗಲೂ ಎದ್ದಿದೆ.’ ಎಷ್ಟೋ ವರ್ಷದಿಂದ ಇರುವುದೇ. ನೀರು ಕಡಿಮೆ ಕುಡಿಯುತ್ತೇನೆ, ದಿನವಿಡೀ ಕೂತು ಕೆಲಸ ಮಾಡುತ್ತೇನೆ, ಅದಕ್ಕೇ ಎಂದುಕೊಂಡಿದ್ದೆ. ಅವರು ಪರದೆ ಎಳೆದು ನೋಡಿದರು. ಹತ್ತಿ ಕಡ್ಡಿಯಲ್ಲಿ ಏನೋ ಒರೆಸಿ ತೆಗೆದುಕೊಂಡರು. ನನಗೆ ಆಗಲೂ ಏನೂ ಅನ್ನಿಸಲಿಲ್ಲ.

ಎರಡನೆಯ ಸಲ ಹೋದಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಎಚ್‌ಐವಿ ಇಲ್ಲ ಅಂದರು. ಬೀಗದವರು ಎದ್ದು ನಿಂತು ಅವರಿಗೆ ಕೈಮುಗಿದರು. ನಾನೂ ಏಳುತ್ತಿದ್ದೆ. ‘ನೀವು ಸ್ವಲ್ಪ ಕೂತ್ಕೊಳ್ಳಿ’ ಅಂದರು. ಬೀಗದವರು ‘ನಾನು ಹೊರಗೆ ಟೀ ಹೇಳಿರ್ತೀನಿ’ ಎಂದು ಹೋದರು.

‘ಇದು ಉಷ್ಣದ ಗುಳ್ಳೆ ಅಲ್ಲಮ್ಮ. ಹರ್ಪಿಸ್ ಅಂತ. ಜನನಾಂಗದಲ್ಲಿ ಬರೋದು’ ಅಂದರು ಡಾಕ್ಟರಮ್ಮ.

‘ಅದು ಹೇಗೆ ಬರುತ್ತೆ?’

‘ಗಂಡು ಹೆಣ್ಣು ಸೇರೋದರಿಂದ.’

ನಾನು ನಕ್ಕುಬಿಟ್ಟೆ, ಮೊಂಡಿ. ನಿಜವಾಗಿಯೂ ನಕ್ಕೆ. ‘ನನ್ನ ಗಂಡ ಹೋಗಿ ಆರು ವರ್ಷ ಆಯ್ತು, ಬೀಗದವರ ಕೈ ಸಹ ನಾನಿನ್ನೂ ಮುಟ್ಟಿಲ್ಲ’ ಅಂದೆ. ಅವರು ನಗಲಿಲ್ಲ. ‘ಇದು ಒಂದ್ಸಲ ಮೈಗೆ ಬಂದ್ರೆ ಹೋಗಲ್ಲ. ಇಪ್ಪತ್ತು ವರ್ಷ ಸುಮ್ಮನೆ ಕೂತಿರಬಹುದು’ ಅಂದರು. ಎಚ್‌ಐವಿ ಇದೆಯೋ ಏನೋ ಎಂದು ಹೆದರಿಕೊಂಡು ಅಲ್ಲಿಗೆ ಬರುವವರಲ್ಲಿ ಎಷ್ಟೋ ಜನಕ್ಕೆ ಅದು ಇರುವುದಿಲ್ಲ, ಇದು ಇರುತ್ತದೆ, ಇದೆಯೆಂಬುದೇ ಗೊತ್ತಿರುವುದಿಲ್ಲ ಅಂದರು. ಜೀವಕ್ಕೆ ಅಪಾಯವಿಲ್ಲ, ಮಾತ್ರೆ ಇದೆ, ಆದರೆ ಈ ಹುಣ್ಣಿದ್ದರೆ ಎಚ್‌ಐವಿ ಮೈಗೆ ನುಗ್ಗುವುದು ಸುಲಭ, ಹುಷಾರಾಗಿರಬೇಕು ಅಂದರು. ಇನ್ನೂ ಏನೇನೋ ಹೇಳಿದರು. ಅವರ ತುಟಿ ಆಡುತ್ತಿತ್ತು. ಸಾಣೆಯ ಯಂತ್ರ ತಲೆಯೊಳಗೇ ತಿರುಗುತ್ತಿದ್ದಂತಿತ್ತು.

ನಾನು ಕಂಡ ಗಂಡಸು ಒಬ್ಬರೇ. ಹಾಗಾದರೆ ಇದು ಎಲ್ಲಿಂದ ಬಂತೆಂದು ಲೆಕ್ಕ ಹಾಕಲು ಬೆರಳು ಕೂಡ ಬೇಡ.

ಹೊರಗೆ ಬಂದಾಗ ಬೀಗದವರು ಎರಡು ಲೋಟ ಹಿಡಿದು ನಿಂತಿದ್ದರು. ಟೀ ಕುಡಿದೆ. ರುಚಿ ಗೊತ್ತಾಗಲಿಲ್ಲ. ‘ಏನಂದ್ರು?’ ಅಂದರು. ‘ರಕ್ತ ಕಡಿಮೆ ಇದೆಯಂತೆ’ ಅಂದೆ.

ನಿನ್ನಣ್ಣನಿಗೆ ಹೀಗೆ ಏನಾದರೂ ಇತ್ತೇ? ಮದುವೆಗೆ ಮುಂಚೆ? ನಿನಗೆ ಏನಾದರೂ ಗೊತ್ತೇ? ನನಗೆ ಕೇಳಲು ನಿನ್ನ ಹೊರತು ಯಾರೂ ಇಲ್ಲ.

ಅತ್ತಿಗೆ


ಏಪ್ರಿಲ್ 8

ಅತ್ತಿಗೆಯವರಿಗೆ,

ಕಾಗದ ಓದಿದೆ. ಹರಿದುಹಾಕಿದೆ.

ನೀವು ಬರೆದದ್ದನ್ನು ನೀವೇ ಒಮ್ಮೆ ಓದಿಕೊಂಡಿರಾ? ಸತ್ತವನು ಎದ್ದುಬಂದು ಬಾಯಿ ಬಿಡಲಾರ ಎಂದಲ್ಲವೇ ಅವನ ತಲೆಗೆ ಕಟ್ಟಿದ್ದು? ವರ್ಷಕ್ಕೆರಡು ಸಲ ಅಣ್ಣನ ರಕ್ತವನ್ನು ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಿದ್ದರು. ರೋಗವಿದ್ದರೆ ಅವರಿಗೆ ಕಾಣುತ್ತಿರಲಿಲ್ಲವೇ? ಈ ಹರ್ಪಿಸ್ ಎಂಬ ಹೆಸರನ್ನು ನಾನೂ ಕೇಳಿದ್ದೇನೆ. ನಮ್ಮಜ್ಜಿಗೆ ಬೆನ್ನಿಗೆ ಸರ್ಪಸುತ್ತು ಎದ್ದಾಗ ಡಾಕ್ಟರು ಅದನ್ನೂ ಹರ್ಪಿಸ್ ಎಂದೇ ಕರೆದಿದ್ದರು. ಹಾಗಾದರೆ ನಮ್ಮಜ್ಜಿಯೂ ಊರೆಲ್ಲ ತಿರುಗಿದವಳೇ?

ಕೇಳಬಾರದು ಎಂದುಕೊಂಡಿದ್ದೆ. ಕೇಳುತ್ತೇನೆ. ಬೀಗ ತೆಗೆಯುವುದೇ ಕಸುಬಾದವರ ಪಕ್ಕದಲ್ಲಿ ನೀವು ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದೀರಿ? ಮದುವೆಯಾಗಿ ಎಂದು ನಾನು ಗೋಗರೆದದ್ದು ಇತ್ತೀಚೆಗೆ. ಅದಕ್ಕೆ ಮುಂಚೆಯೇ ಬಾಗಿಲು ತೆರೆದಿತ್ತೋ ಏನೋ, ಕಂಡವರಾರು?

ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು. ನನಗೆ ಮೊಂಡಿ ಎಂದು ಹೆಸರಿಟ್ಟವನೇ ಅವನು. ನೀವು ಆ ಹೆಸರಿನಿಂದ ನನ್ನನ್ನು ಇನ್ನು ಕರೆಯಬೇಡಿ.

ಇಂತಿ,
ನಿಮ್ಮ ನಾದಿನಿ


ಏಪ್ರಿಲ್ 17

ನಾದಿನಿಗೆ,

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ಇದಕ್ಕಿಂತ ಉದ್ದವಾಗಿ ಬರೆದರೆ ನನಗೇ ಅವಮಾನ.

ನಿನ್ನ ಉಳಿದ ಪ್ರಶ್ನೆಗಳನ್ನು ಹಿಡಿದು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ. ನಿನ್ನ ಮಾತೇ ನಿಜವಾಗಲಿ ಎಂದು ಬೇಡಿಕೊಂಡೇ ಹೋದೆ. ರಕ್ತ ತೆಗೆದುಕೊಳ್ಳುವವರು ನೋಡುವ ರೋಗಗಳೇ ಬೇರೆ, ಇದನ್ನು ಹುಡುಕುವುದಿಲ್ಲವಂತೆ. ಸರ್ಪಸುತ್ತಿಗೂ ಇದಕ್ಕೂ ದಾಯಾದಿಗಳ ಹಾಗೆ ಹೆಸರು ಮಾತ್ರ ಒಂದು, ಮನೆ ಬೇರೆ. ನಿಮ್ಮಜ್ಜಿಯ ಮೇಲೆ ಯಾರೂ ಮಾತಾಡಿಲ್ಲ. ಇನ್ನೊಂದು ಮಾತೂ ಹೇಳಿದರು, ಅದನ್ನು ನಿನಗಾಗಿ ಬರೆಯುತ್ತೇನೆ: ಯಾರಿಂದ ಯಾವಾಗ ಬಂತೆಂದು ಯಾವ ಪರೀಕ್ಷೆಯೂ ಹೇಳಲಾರದು. ನಿನ್ನಣ್ಣನಿಗೆ ಮದುವೆಗೆ ಎಷ್ಟೋ ಮುಂಚೆ ತಗಲಿರಬಹುದು, ಒಂದು ಗುಳ್ಳೆಯೂ ಏಳದೆ, ಅವರಿಗೇ ಗೊತ್ತಿಲ್ಲದೆ ಇದ್ದಿರಬಹುದು. ಇರಬಹುದು. ಬೆಳಿಗ್ಗೆ ಅದನ್ನು ನಂಬುತ್ತೇನೆ. ಸಂಜೆಯ ಹೊತ್ತಿಗೆ ಅವರು ಲಿಫ್ಟ್ ಕೂರಿಸಲು ತಿಂಗಳುಗಟ್ಟಲೆ ಉಳಿದ ಊರುಗಳ ಹೆಸರೆಲ್ಲ ನೆನಪಾಗುತ್ತವೆ.

ಬೀಗದವರಿಗೆ ಹೇಳಿಬಿಟ್ಟೆ. ಅವರ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು, ಗಿರಾಕಿ ಇಲ್ಲದ ಹೊತ್ತು ನೋಡಿ. ಅವರು ಕೀಲಿಗೆ ಹಲ್ಲು ಕೊರೆಯುತ್ತಿದ್ದರು. ಕೊರೆಯುವುದನ್ನು ನಿಲ್ಲಿಸಲಿಲ್ಲ. ‘ಇಷ್ಟೇನಾ?’ ಅಂದರು. ನನಗೆ ಎಷ್ಟು ಹಗುರವಾಯಿತೆಂದರೆ ಅಳು ಬಂತು. ಆಮೇಲೆ ನೋಡಿದರೆ ಕೀಲಿಯನ್ನು ಪೂರ್ತಿ ಸವೆಸಿಬಿಟ್ಟಿದ್ದರು, ಹಲ್ಲೇ ಉಳಿದಿರಲಿಲ್ಲ. ಮಾರನೆಯ ದಿನ ತಾವೂ ಹೋಗಿ ಈ ಪರೀಕ್ಷೆ ಮಾಡಿಸಿಕೊಂಡು ಬಂದರು. ಅವರಿಗೆ ಇಲ್ಲ. ಅಂದಿನಿಂದ ಅಂಗಡಿ ತೆರೆದಿಲ್ಲ. ಕೀಲಿ ಕಳೆದುಕೊಂಡವರು ಬಂದು ನಮ್ಮ ಬಾಗಿಲು ತಟ್ಟಿ, ‘ಬೀಗದೋರು ಎಲ್ಲಿ?’ ಅಂತ ನನ್ನನ್ನು ಕೇಳುತ್ತಾರೆ.

ಗೋಡೆಯ ಮೇಲಿನ ಫೋಟೋ ಇಳಿಸಿದೆ. ಬೀರುವಿನ ಹಿಂದೆ ಮುಖ ಗೋಡೆಗೆ ಮಾಡಿ ಇಟ್ಟಿದ್ದೇನೆ. ಅಲ್ಲಿ ಸುಣ್ಣ ಮಾಸದ ಚೌಕವೊಂದು ಉಳಿದಿದೆ. ಅದು ಫೋಟೋಗಿಂತ ಜೋರಾಗಿ ನೋಡುತ್ತದೆ.

ಬದುಕಿದ್ದಿದ್ದರೆ ರೆಟ್ಟೆ ಹಿಡಿದು ಕೇಳುತ್ತಿದ್ದೆ. ಸತ್ತವರ ಜೊತೆ ಜಗಳ ಆಡುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಅತ್ತಿಗೆ


ಮೇ 21

ನಾದಿನಿಗೆ,

ನಿನ್ನಿಂದ ಕಾಗದವಿಲ್ಲ. ಬರೆ ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ.

ನಿನ್ನ ಮಗಳ ಹಳೆಯ ಕನ್ನಡಕದ ಅಳತೆ ನನ್ನ ಹತ್ತಿರ ಇತ್ತು. ಅವಳ ಓದಿನ ಪರೀಕ್ಷೆ ಹತ್ತಿರ ಬಂತಲ್ಲ, ಹೊಸದೊಂದು ಮಾಡಿ ಕಳಿಸಿದ್ದೇನೆ. ಮೂಗಿನ ಹತ್ತಿರ ಒತ್ತಿದರೆ ಬಿಸಿನೀರಿನಲ್ಲಿ ಅದ್ದಿ ಸ್ವಲ್ಪ ಅಗಲಿಸಬೇಕು.

ನಾನು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಗುಳ್ಳೆ ಒಣಗಿದೆ. ಊಟ ಮಾಡುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಬೀಗದವರ ಅಂಗಡಿ ಇನ್ನೂ ಮುಚ್ಚಿಯೇ ಇದೆ.

ಅತ್ತಿಗೆ


ಜೂನ್ 14

ಅತ್ತಿಗೆ,

ಕನ್ನಡಕ ಸರಿಯಾಗಿ ಕೂತಿದೆ. ಮಗಳು ಪರೀಕ್ಷೆ ಚೆನ್ನಾಗಿ ಬರೆದಳು.

ಎಲ್ಲಿಂದ ಶುರು ಮಾಡಲಿ?

ನಿಮ್ಮ ಏಪ್ರಿಲಿನ ಕಾಗದ ಓದಿ ನಾನು ನಂಬಲಿಲ್ಲ. ನಿಮ್ಮ ಡಾಕ್ಟರಮ್ಮನಿಗೆ ಏನೂ ಗೊತ್ತಿಲ್ಲ, ನಮ್ಮೂರಿನ ಡಾಕ್ಟರನ್ನು ಕೇಳಿ ಬರೆಸಿಕೊಂಡು ನಿಮ್ಮ ಮುಖಕ್ಕೆ ಎಸೆಯುತ್ತೇನೆ ಎಂದು ಹೊರಟೆ. ಪಾಯಿಖಾನೆಯಿಂದ ಬರಬಹುದು, ಟವೆಲಿನಿಂದ ಬರಬಹುದು, ಹೆಂಗಸರಿಗೆ ತಾನಾಗಿ ಬರಬಹುದು ಎಂದು ಅವರ ಬಾಯಿಂದ ಹೇಳಿಸಬೇಕು, ಅಷ್ಟೇ. ಇಲ್ಲಿಯೂ ಎಚ್‌ಐವಿ ಪರೀಕ್ಷೆಯ ಕೋಣೆಯಲ್ಲೇ ಇದನ್ನೂ ನೋಡುತ್ತಾರಂತೆ. ಮಾತಾಡಿಸಿದ ಹುಡುಗಿ ಮೆತ್ತಗೆ ಮಾತಾಡುವವಳು. ನನಗೋ ಕಿವಿ ಇಲ್ಲ. ‘ಏನಮ್ಮಾ?’ ‘ಏನಮ್ಮಾ?’ ಎಂದು ನಾಲ್ಕು ಸಲ ಕೇಳಿದೆ. ಕೊನೆಗೆ ಆ ಪಾಪದ ಹುಡುಗಿ ‘ಹರ್ಪಿಸ್ಸಾ ಅಮ್ಮಾ? ಹರ್ಪಿಸ್ಸಾ?’ ಎಂದು ಗಂಟಲು ಹರಿದುಕೊಂಡಳು. ಕಾರಿಡಾರಿನಲ್ಲಿ ಸಾಲಾಗಿ ಕೂತವರೆಲ್ಲ ಒಟ್ಟಿಗೆ ತಲೆ ಎತ್ತಿದ್ದು ತೆರೆದ ಬಾಗಿಲಿನಿಂದ ಕಂಡಿತು. ಆಮೇಲೆ ಅವಳು ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಬರೆದು ಬರೆದು ತೋರಿಸಿದಳು.

ಪಾಯಿಖಾನೆಯಿಂದ? ಇಲ್ಲ. ಟವೆಲಿನಿಂದ? ಇಲ್ಲ. ತಾನಾಗಿ? ಇಲ್ಲ.

‘ನೀವೂ ಒಮ್ಮೆ ಮಾಡಿಸಿಕೊಳ್ಳುತ್ತೀರಾ? ಎರಡೂ ನೋಡಿಬಿಡೋಣ’ ಎಂದು ಬರೆದಳು. ನಾನು ತೋಳು ಚಾಚಿದೆ. ಯಾಕೆ ಗೊತ್ತೇ ಅತ್ತಿಗೆ? ನನಗೆ ಬಂದ ‘ಇಲ್ಲ’ ಎಂಬ ಚೀಟಿಯನ್ನು ನಿಮಗೆ ಕಳಿಸಬೇಕು ಎಂದು. ನೋಡಿ, ಮರ್ಯಾದಸ್ಥರ ರಕ್ತ ಹೀಗಿರುತ್ತದೆ ಎಂದು ಬರೆಯಬೇಕು ಎಂದು. ಕಾಗದದ ಮೊದಲ ಸಾಲನ್ನೂ ಬಸ್ಸಿನಲ್ಲಿ ಕಟ್ಟಿಕೊಂಡಿದ್ದೆ.

ಎಚ್‌ಐವಿ ಇಲ್ಲ. ಇನ್ನೊಂದು ಇದೆ.

ನನಗೆ ಒಂದು ದಿನವೂ ಒಂದು ಗುಳ್ಳೆಯೂ ಎದ್ದಿಲ್ಲ. ತಪ್ಪಾಗಿದೆ ಅಂದೆ. ಜೋರಾಗಿ ಅಂದಿರಬೇಕು, ಮತ್ತೆ ಎಲ್ಲರೂ ತಲೆ ಎತ್ತಿದರು. ಒಮ್ಮೊಮ್ಮೆ ತಪ್ಪು ಬರುವುದೂ ಉಂಟು, ಬೇರೆ ಬಗೆಯಲ್ಲಿ ಇನ್ನೊಮ್ಮೆ ನೋಡೋಣ ಎಂದು ಬರೆದು ತೋರಿಸಿದಳು. ಇನ್ನೊಮ್ಮೆ ನೋಡಿದರು. ಇದೆ.

ಅತ್ತಿಗೆ, ನನ್ನವರು ಊರು ಬಿಟ್ಟು ಹೋದವರೇ ಅಲ್ಲ. ಮನೆಯ ಕೆಳಗೇ ಅಂಗಡಿ. ಊಟಕ್ಕೆ ನಾನು ನೆಲಕ್ಕೆ ಸೌಟಿನಿಂದ ಕುಟ್ಟಿದರೆ ಮೆಟ್ಟಿಲು ಹತ್ತಿ ಬರುತ್ತಾರೆ. ತಿಂಗಳಿಗೊಮ್ಮೆ ನೋಟ್‌ಪುಸ್ತಕದ ಸರಕು ತರಲು ಪೇಟೆಗೆ ಹೋಗುತ್ತಾರೆ, ಮರುದಿನ ಬರುತ್ತಾರೆ. ಅಷ್ಟೇ. ಅಷ್ಟೇ ಎಂದು ಬರೆದು ಆ ಪದವನ್ನೇ ನೋಡುತ್ತಾ ಕೂತಿದ್ದೇನೆ.

ಮನೆಗೆ ಬಂದು ಅಡುಗೆ ಮಾಡಿದೆ. ಬಡಿಸಿದೆ. ಅವರು ಉಣ್ಣುತ್ತಿದ್ದರು, ನಾನು ನೋಡುತ್ತಿದ್ದೆ. ಇಪ್ಪತ್ತನಾಲ್ಕು ವರ್ಷದಿಂದ ನೋಡಿದ ಕೈ, ಅದೇ ಬೆರಳು, ಉಗುರಿನ ಸಂದಿಯಲ್ಲಿ ಅದೇ ಶಾಯಿ. ಯಾರೋ ಗೊತ್ತಿಲ್ಲದವರು ನನ್ನ ಮನೆಯೊಳಗೆ ಬಂದು ಊಟಕ್ಕೆ ಕೂತಂತಿತ್ತು. ‘ಉಪ್ಪು ಜಾಸ್ತಿ ಆಯ್ತಾ?’ ಎಂದು ಕೇಳಿದೆ. ಕೇಳಬೇಕೆಂದಿದ್ದು ಅದಲ್ಲ. ಅವರು ತಲೆಯಾಡಿಸಿದರು.

ಏಪ್ರಿಲಿನಲ್ಲಿ ನಾನು ಬರೆದ ಆ ಒಂದು ಪ್ರಶ್ನೆ... ಅದನ್ನು ಹೇಗೆ ವಾಪಸು ತೆಗೆದುಕೊಳ್ಳುವುದೋ ಗೊತ್ತಿಲ್ಲ. ಕಾಗದ ಹರಿಯಬಹುದು. ನೀವು ಓದಿಬಿಟ್ಟಿದ್ದೀರಿ.

ಮೊಂಡಿ


ಜೂನ್ 22

ಮೊಂಡಿ,

ಆ ಪ್ರಶ್ನೆಯನ್ನು ನಾನು ಇನ್ನೂ ಮರೆತಿಲ್ಲ. ಮರೆಯುತ್ತೇನೆಂದು ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಕಾಗದ ಬಂದಮೇಲೆ ಅದಕ್ಕೆ ಮೊದಲಿನ ಮೊನೆ ಇಲ್ಲ.

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಸಾಣೆಗೆ ಹಿಡಿದಿದ್ದ ಗಾಜು ಕೈಯಲ್ಲೇ ಮುರಿಯಿತು. ನಿನಗೂ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಡಾಕ್ಟರಮ್ಮ ‘ಎಷ್ಟೋ ಜನ’ ಅಂದಾಗ ನನ್ನ ಕಣ್ಣ ಮುಂದೆ ಬಂದವರು ಗುರುತಿಲ್ಲದ ಮುಖದವರು. ಅದರಲ್ಲಿ ನೀನು ಇರಲಿಲ್ಲ. ನಾನೂ ಇರಲಿಲ್ಲ.

ನಿನ್ನವರನ್ನು ಕೇಳು ಎಂದು ನಾನು ಹೇಳುವುದಿಲ್ಲ, ಕೇಳಬೇಡ ಎಂದೂ ಹೇಳುವುದಿಲ್ಲ. ನನಗೆ ಕೇಳಲು ಯಾರೂ ಉಳಿದಿಲ್ಲ. ನಿನಗೆ ಉಳಿದಿದ್ದಾರೆ. ಯಾವುದು ಹೆಚ್ಚು ಕಷ್ಟ ಎಂದು ಈಗ ನನಗೆ ತಿಳಿಯದು.

ಬೀಗದವರು ಬಂದರು. ಇದ್ದಕ್ಕಿದ್ದಂತೆ ಒಂದು ಭಾನುವಾರ ಮಧ್ಯಾಹ್ನ ಮನೆಗೇ ಬಂದರು. ಇಷ್ಟು ದಿನ ಅಕ್ಕನ ಮನೆಯಲ್ಲಿದ್ದರಂತೆ. ಚಹಾ ಕೊಟ್ಟೆ. ಗೋಡೆಯ ಮೇಲಿನ ಖಾಲಿ ಚೌಕ ನೋಡಿದರು.

‘ಇಳಿಸಿದ್ರಲ್ಲ, ಒಳ್ಳೇದಾಯ್ತು’ ಅಂದರು. ‘ನಿಮಗೆ ಇಂಥದ್ದು ಮಾಡಿದೋರ ಮುಖ ಈ ಮನೇಲಿ ಯಾಕಿರಬೇಕು? ನಾನು ಅದನ್ನೇ ಹೇಳೋಣ ಅಂತ ಬಂದೆ. ಮಿಕ್ಕಿದ್ದು ನಂಗೆ ಲೆಕ್ಕಕ್ಕಿಲ್ಲ.’

ನನಗೆ ಏನಾಯಿತೋ ಗೊತ್ತಿಲ್ಲ. ಎದ್ದುಹೋಗಿ ಬೀರುವಿನ ಹಿಂದಿನಿಂದ ಫೋಟೋ ತೆಗೆದು ಸೆರಗಿನಿಂದ ಧೂಳು ಒರೆಸಿ, ಅವರ ಮುಂದೆಯೇ ಮೊಳೆಗೆ ಹಾಕಿದೆ. ಸೊಟ್ಟಗೆ ಕೂತಿತು. ಹಾಗೇ ಬಿಟ್ಟೆ.

‘ಇವರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ’ ಅಂದೆ. ‘ಮುಗಿಯೋ ತನಕ ಎದುರಿಗೇ ಇರ್ಲಿ. ಅದು ನಮ್ಮಿಬ್ಬರ ಜಗಳ. ಅದರಲ್ಲಿ ನೀವು ನನ್ನ ಪರ ವಹಿಸೋದೂ ಬೇಡ.’

ಅವರ ಚಹಾ ಆರಿತು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅಂದುಕೊಂಡೆ, ಸುಳ್ಳಲ್ಲ. ಆಮೇಲೆ ಅವರು, ‘ನಂಗೆ ಭಯ ಆಗಿತ್ತು’ ಅಂದರು. ‘ರೋಗದ್ದಲ್ಲ. ನನ್ನವಳು ಬಿಟ್ಟುಹೋದಾಗ ಊರೆಲ್ಲ ನಕ್ಕಿತ್ತು. ಈಗ ಮತ್ತೆ ನಗುತ್ತೆ ಅಂತ. ಅಕ್ಕನ ಮನೇಲಿ ಕೂತ್ಕೊಂಡು ಯೋಚನೆ ಮಾಡಿದೆ. ಇದನ್ನ ನನಗೆ ಹೇಳ್ದೆ ಇರ್ಬಹುದಿತ್ತು ನೀವು. ಯಾರಿಗೆ ಗೊತ್ತಾಗ್ತಿತ್ತು?’

ಮರುವಾರ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಗುಳ್ಳೆ ಎದ್ದಾಗ ದೂರ ಇರಬೇಕು, ಉಳಿದಾಗಲೂ ನಿರೋಧ್ ಬಳಸಬೇಕು, ನಾನು ದಿನಾ ಮಾತ್ರೆ ತೆಗೆದುಕೊಂಡರೆ ಅವರಿಗೆ ತಗಲುವುದು ಕಡಿಮೆ, ಆದರೆ ತಗಲುವುದೇ ಇಲ್ಲವೆಂದು ಮಾತು ಕೊಡಲಾಗದು ಅಂದರು. ಬೀಗದವರು, ‘ಮಾತು ಕೊಡೋ ಬೀಗ ನಾನೂ ಇವತ್ತಿನವರೆಗೆ ಮಾಡಿಲ್ಲ ಬಿಡಿ’ ಅಂದರು. ಡಾಕ್ಟರಮ್ಮ ಮೊದಲ ಸಲ ನಕ್ಕರು.

ಜುಲೈ ಹತ್ತೊಂಬತ್ತಕ್ಕೆ ರಿಜಿಸ್ಟರ್ ಆಫೀಸು. ಸಾಕ್ಷಿ ಬೇಕು. ನಿನ್ನಣ್ಣನ ತಂಗಿಯನ್ನು ಸಾಕ್ಷಿಗೆ ಕರೆಯುವುದು ಸರಿಯೋ ತಪ್ಪೋ ತಿಳಿಯದು. ನನ್ನ ಮೊಂಡಿಯನ್ನು ಕರೆಯುತ್ತಿದ್ದೇನೆ.

ಅತ್ತಿಗೆ


ಜುಲೈ 5

ಅತ್ತಿಗೆ,

ಕೇಳಿದೆ.

ಅಂಗಡಿ ಮುಚ್ಚಿದ ಭಾನುವಾರ, ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅವರು ಕಿಟಕಿಯ ಪಕ್ಕ ಪೇಪರು ಓದುತ್ತಿದ್ದರು. ಚೀಟಿಯನ್ನು ಪೇಪರಿನ ಮೇಲೆ ಇಟ್ಟೆ. ಓದಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ, ನನಗೆ ಮಾತು ಕಾಣುವುದು ಅಲ್ಲೇ ತಾನೇ.

‘ನೀನ್ಯಾಕೆ ಹೋಗಿದ್ದೆ ಅಲ್ಲಿಗೆ?’

ಅದು ಅವರ ಮೊದಲ ಮಾತು. ಹೆದರಲಿಲ್ಲ, ಬೆಚ್ಚಲಿಲ್ಲ, ಇದೇನು ಎಂದೂ ಕೇಳಲಿಲ್ಲ. ‘ಯಾಕೆ ಹೋಗಿದ್ದೆ?’ ಎಂದಷ್ಟೇ. ನನ್ನತ್ತಿಗೆಯನ್ನು ಸುಳ್ಳು ಮಾಡೋಕೆ ಹೋಗಿದ್ದೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಪೇಪರು ಮಡಿಸುತ್ತಾ, ‘ಅಷ್ಟು ದೊಡ್ಡದು ಮಾಡ್ಬೇಡ. ಯಾವ ಗಂಡಸಿಗೆ ಇರಲ್ಲ ಇವೆಲ್ಲ. ನಿಂಗೇನು ಕಡಿಮೆ ಮಾಡಿದೀನಿ?’ ಅಂದರು. ಅಂದು, ಎಂದಿನಂತೆ ಸ್ನಾನಕ್ಕೆ ಹೋದರು.

ಇಲ್ಲ ಅನ್ನಲಿಲ್ಲ, ಅತ್ತಿಗೆ. ಇಲ್ಲ ಎಂದಿದ್ದರೆ ನಂಬಿಬಿಡುತ್ತಿದ್ದೆ. ಡಾಕ್ಟರು ತಪ್ಪು, ಚೀಟಿ ತಪ್ಪು, ನೀವೂ ತಪ್ಪು ಎಂದುಕೊಂಡು ಮರುದಿನವೂ ಸೌಟಿನಿಂದ ನೆಲ ಕುಟ್ಟುತ್ತಿದ್ದೆ. ಒಂದು ಸುಳ್ಳನ್ನು ಹೇಳುವ ಕಷ್ಟವನ್ನೂ ಅವರು ತೆಗೆದುಕೊಳ್ಳಲಿಲ್ಲ.

ಅಣ್ಣ ಏನು ಹೇಳುತ್ತಿದ್ದನೋ ನನಗೆ ಗೊತ್ತಿಲ್ಲ. ಗೊತ್ತು ಎಂದು ಇನ್ನೆಂದೂ ಹೇಳುವುದಿಲ್ಲ. ಅವನ ಮೇಲಿನ ಪ್ರೀತಿ ಮಾತ್ರ ಹೋಗುತ್ತಿಲ್ಲ, ಅದಕ್ಕೇನು ಮಾಡಲಿ?

ಹದಿನೆಂಟರ ಬೆಳಗಿನ ರೈಲಿಗೆ ಬರುತ್ತೇನೆ. ಮಗಳಿಗೆ ಎಲ್ಲ ಹೇಳಲಿಲ್ಲ, ನಿಮ್ಮ ಮದುವೆಗೆ ಹೋಗುತ್ತಿದ್ದೇನೆ ಎಂದು ಮಾತ್ರ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದು, ಅಟ್ಟದ ಮೇಲಿಂದ ಎರಡು ದಿನಕ್ಕೆ ಸಾಕಾಗುವ ಚೀಲ ತೆಗೆದುಕೊಟ್ಟಳು. ಆಮೇಲೆ ತಾನೇ ಅದನ್ನು ಮೇಲಿಟ್ಟು ದೊಡ್ಡ ಸೂಟ್‌ಕೇಸ್ ಇಳಿಸಿದಳು. ಹೊರಡಲು ಇನ್ನೂ ಎರಡು ವಾರವಿದೆ, ಆಗಲೇ ನನ್ನ ಬಟ್ಟೆಯ ಮೇಲೆ ತನ್ನ ಬಟ್ಟೆಯನ್ನೂ ಮಡಿಸಿ ಇಡುತ್ತಿದ್ದಾಳೆ.

ನಿಮ್ಮ
ಮೊಂಡಿ